ನೂಲು ಕೋಣೆಯ ಚಿಲಕ

ಚಿಲಕ ಹೊರಗಿನಿಂದ ಹಾಕಿತ್ತು. ಬನಹಟ್ಟಿಯ ಅನಸವ್ವ ಪೊಲೀಸರಿಗೆ ಹೇಳಿದ ಮೊದಲ ಮಾತು ಅದೇ.

ತನ್ನ ಹಳೆಯ ಮಗ್ಗದ ಶೆಡ್ಡಿನ ಕಸ ಗುಡಿಸಲು ಅವಳು ಬೆಳಿಗ್ಗೆ ಏಳಕ್ಕೆ ಹೋಗಿದ್ದಳು. ಮೂಲೆಯ ನೂಲು ಕೋಣೆಯ ಚಿಲಕ ತೆಗೆದಳು. ಬಾಗಿಲು ಸರಿಯಲಿಲ್ಲ. ಒಳಗಿನಿಂದ ಏನೋ ಭಾರ ಒತ್ತಿಕೊಂಡಿತ್ತು. ಭುಜ ಕೊಟ್ಟು ನೂಕಿದಾಗ ಕಂಡದ್ದು ನಾಮದೇವ ಮಾಸ್ತರರ ಕಾಲು.

ಮಾಸ್ತರರು ನಿವೃತ್ತ ಡ್ರಾಯಿಂಗ್ ಶಿಕ್ಷಕರು, ಊರಿನ ಹವ್ಯಾಸಿ ನಾಟಕ ಬಳಗದ ನಿರ್ದೇಶಕರು. ಅರವತ್ತೊಂದು ವಯಸ್ಸು. ದಮ್ಮಿನ ರೋಗ. ಬಾಗಿಲು ಬಡಿದು ಬಡಿದು ಎರಡೂ ಅಂಗೈ ಬಾತುಕೊಂಡಿದ್ದವು. ಕೋಣೆಗೆ ಕಿಟಕಿ ಇರಲಿಲ್ಲ. ಹಳೆಯ ನೂಲಿನ ಧೂಳು ಮೂಗಿಗೆ ಅಡರುತ್ತಿತ್ತು. ದಮ್ಮು ಹತ್ತಿದಾಗ ಸೇದುವ ಪಂಪು ಹೊರಗೆ ಗೂಟಕ್ಕೆ ತೂಗುಹಾಕಿದ ಅವರ ಚೀಲದಲ್ಲಿತ್ತು. ಬಾಗಿಲಿನಿಂದ ನಾಲ್ಕೇ ಹೆಜ್ಜೆ.

ಚಿಲಕ ತೆರೆದೇ ಇತ್ತು ಎಂದು ಅನಸವ್ವ ಅಂದಿದ್ದರೆ ಮುದುಕನಿಗೆ ದಮ್ಮು ಹತ್ತಿ ಸತ್ತ ಎಂದು ಎಲ್ಲ ಮುಗಿಯುತ್ತಿತ್ತು. ಅವಳು ಖರೆ ಹೇಳಿದಳು. ಆ ಖರೆ ಮಾತು ಮಧ್ಯಾಹ್ನದ ಹೊತ್ತಿಗೆ ಅವಳ ಮಗನನ್ನೇ ಲಾಕಪ್ಪಿಗೆ ಹಾಕಿತು.

*

ಕಾರಣವಿತ್ತು. ಈ ಬಳಗಕ್ಕೆ ತಾಲೀಮಿನ ಜಾಗ ಒಂದೂ ನಿಲ್ಲುತ್ತಿರಲಿಲ್ಲ. ಶಾಲೆಯವರು ಪರೀಕ್ಷೆ ಬಂತೆಂದು ಹಾಲ್ ಬಿಡಿಸಿದರು. ಸಮುದಾಯ ಭವನದವರು ಮದುವೆ ಸೀಜನ್ ಎಂದು ಹೊರಹಾಕಿದರು. ಕೊನೆಗೆ ಅನಸವ್ವ ತಾನಾಗಿ ಕರೆದು ಖಾಲಿ ಶೆಡ್ ಕೊಟ್ಟಳು. ಮಗ ಹಣಮಂತನಿಗೆ ಅದು ಸೇರಲಿಲ್ಲ. ಗೋಡೆಗೆ ಹತ್ತಿದ ಪಕ್ಕದ ಶೆಡ್ಡಿನಲ್ಲಿ ಅವನ ಹನ್ನೆರಡು ಪವರ್‌ಲೂಮ್ ಓಡುತ್ತಿದ್ದವು. ಇಲ್ಲಿ ಇನ್ನೂ ಆರು ಹಾಕುವ ಆಸೆ ಅವನಿಗೆ. ಮಾಸ್ತರರು ಸಾಯುವ ಹಿಂದಿನ ದಿನವಷ್ಟೇ ಎಲ್ಲರೆದುರು ಕೂಗಾಡಿದ್ದ. "ನಾಳೆ ಬಂದ್ರ ಒಳಗ ಹಾಕಿ ಚಿಲಕಾ ಜಡೀತೇನಿ ನೋಡ್ರಿ, ಮಾಸ್ತರ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪಿಎಸ್ಐ ಸಾಹೇಬರಿಗೆ ಅಷ್ಟೇ ಸಾಕಾಯಿತು.

ಅದರ ಮೇಲೆ ಒಂದು ಸಾಕ್ಷಿಯೂ ಸಿಕ್ಕಿತು. ಖಾಸಗಿ ಶಾಲೆಯೊಂದರ ಗುಮಾಸ್ತ ಪರಮಾನಂದ. ಇಪ್ಪತ್ತೆರಡು ವರ್ಷ ಬಳಗದ ನಾಯಕನ ಪಾತ್ರ ಬೇರೆ ಯಾರಿಗೂ ಬಿಟ್ಟುಕೊಡದ ನಟ. ಅವನ ಹೇಳಿಕೆ ಇಷ್ಟು. ಹೆಣ ಸಿಗುವ ಹಿಂದಿನ ದಿನ ಮಧ್ಯಾಹ್ನ ಎರಡೂವರೆಗೆ ಶೆಡ್ಡಿನ ಮುಂದೆ ಬಂದಿದ್ದ. ಮಗ್ಗ ನಿಂತು ಓಣಿ ಶಾಂತವಾಗಿತ್ತು. ತಾಲೀಮಿಗೆ ಯಾರೂ ಬಂದಿರಲಿಲ್ಲ. ಮಾಸ್ತರರನ್ನು ಎರಡು ಸಲ ಕೂಗಿದ, ಉತ್ತರ ಬರಲಿಲ್ಲ. ಜಮಖಂಡಿಗೆ ಹೋಗಿರಬೇಕೆಂದು ತಿರುಗಿ ಮನೆಗೆ ಹೋದ.

ಅಂದರೆ ಅಷ್ಟರೊಳಗೆ ಕೆಲಸ ಮುಗಿದಿತ್ತು, ಆಗ ಪಕ್ಕದಲ್ಲಿದ್ದವನು ಹಣಮಂತ ಎಂದು ಸಾಹೇಬರು ತೀರ್ಮಾನಿಸಿದರು.

ಹೆಡ್ ಕಾನ್ಸ್‌ಟೇಬಲ್ ಶಂಕರೆಪ್ಪನಿಗೆ ಮಾತ್ರ ಅದು ಗಂಟಲಲ್ಲಿ ಇಳಿಯಲಿಲ್ಲ. ಅವನದು ಸಾವಳಗಿ ಕಡೆಯ ಒಕ್ಕಲುತನದ ಮನೆತನ. ಜೋಳದ ಹೊಲ ಗೊತ್ತು, ಮಗ್ಗ ಗೊತ್ತಿಲ್ಲ. ಬನಹಟ್ಟಿಗೆ ಬಂದು ಎರಡೇ ತಿಂಗಳು. ಗೊತ್ತಿಲ್ಲದ್ದನ್ನು ಕೇಳಲು ನಾಚುವ ಮನುಷ್ಯನಲ್ಲ, ಪೊಲೀಸ್ ಇಲಾಖೆಯಲ್ಲಿ ಅದೊಂದು ಅಪರೂಪದ ಗುಣ.

ಅನಸವ್ವ ಬುತ್ತಿ ಹಿಡಿದುಕೊಂಡು ಠಾಣೆಯ ಮೆಟ್ಟಿಲ ಮೇಲೆ ಕೂತೇ ಇದ್ದಳು. ಅವಳನ್ನು ದಾಟಿ ಒಳಗೆ ಹೋಗುವಾಗೆಲ್ಲ ಶಂಕರೆಪ್ಪನಿಗೆ ಈ ಬಂಧನ ನೆನೆದು ಮೈ ಉರಿಯುತ್ತಿತ್ತು.

"ನಾ ಖರೆ ಹೇಳಿದ್ದು ತಪ್ಪಾತೇನ್ರೀ?" ಅಂತ ಕೇಳಿದಳು.

ಶಂಕರೆಪ್ಪ ಬುತ್ತಿ ಇಸಿದುಕೊಂಡು ಹಣಮಂತನಿಗೆ ಕೊಡಲು ಒಳಗೆ ಹೋದ. ಕೊಲೆ ಅಂತ ಕೇಸು ಬಿದ್ದರೆ ಹಣಮಂತ ಮತ್ತೆ ಮಗ್ಗದ ಮುಂದೆ ನಿಲ್ಲುವುದು ಯಾವ ಕಾಲಕ್ಕೋ.

*

ಎರಡನೆಯ ದಿನ ಡಾಕ್ಟರ ವರದಿ ಬಂತು. ಸಾವು ಆದದ್ದು ಹೆಣ ಸಿಗುವ ಹಿಂದಿನ ಸಂಜೆ ಏಳರ ಸುಮಾರು.

ಶಂಕರೆಪ್ಪ ಎರಡು ಸಲ ಓದಿದ. ಎರಡೂವರೆಗೆ ಮಾಸ್ತರರು ಜೀವಂತ. ಓಣಿ ಶಾಂತ. ಪರಮಾನಂದ ಬಾಗಿಲ ಹತ್ತಿರ ನಿಂತು ಕೂಗಿದ್ದಾನೆ. ಕೈ ಬಾತುಕೊಳ್ಳುವಷ್ಟು ಬಡಿದ ಮನುಷ್ಯ ಆಗ ಯಾಕೆ ಸುಮ್ಮನಿದ್ದ?

ಅವನು ನೆಟ್ಟಗೆ ಮಾಸ್ತರರ ಮನೆಗೆ ಹೋದ. ಹೆಂಡತಿ ತಾರವ್ವ ಅತ್ತು ಅತ್ತು ದನಿ ಕಳೆದುಕೊಂಡಿದ್ದರು. ಗಂಡ ಅಂದು ಒಂದು ಗಂಟೆಯ ಬಸ್ಸಿಗೆ ಜಮಖಂಡಿಗೆ ಹೊರಟಿದ್ದರಂತೆ. ಅಲ್ಲಿ ನಾಟಕ ಸ್ಪರ್ಧೆ. ನಟರ ಹೊಸ ಪಟ್ಟಿಯನ್ನು ಎರಡೂವರೆಯೊಳಗೆ ಸಮಿತಿಗೆ ಕೊಡಬೇಕು, ಇಲ್ಲವಾದರೆ ಮೊದಲೇ ಕಳಿಸಿದ ಹಳೆಯ ಪಟ್ಟಿಯೇ ಕಾಯಂ. ದಾರಿಯಲ್ಲಿ ಶೆಡ್ಡಿಗೆ ಹೋಗಿ, ನೂಲು ಕೋಣೆಯ ಪೆಟ್ಟಿಗೆಯಲ್ಲಿದ್ದ ಬಳಗದ ರಬ್ಬರ್ ಶಿಕ್ಕೆ ತೆಗೆದು ಪಟ್ಟಿಗೆ ಒತ್ತಬೇಕಿತ್ತು. ರಾತ್ರಿ ಬಾರದಿದ್ದಾಗ ಜಮಖಂಡಿಯ ತಂಗಿಯ ಮನೆಯಲ್ಲಿ ಉಳಿದರೆಂದು ಅವರು ತಿಳಿದಿದ್ದರು.

ಪಟ್ಟಿ ಎಲ್ಲಿತ್ತೆಂದು ಶಂಕರೆಪ್ಪ ಕೇಳಿದ. ಚೀಲದಲ್ಲಿ, ತಾನೇ ಮಡಚಿ ಇಟ್ಟದ್ದು ಅಂದರು ತಾರವ್ವ.

ಠಾಣೆಯಲ್ಲಿದ್ದ ಚೀಲವನ್ನು ಅವನು ಬುಡಮೇಲು ಮಾಡಿ ನೋಡಿದ. ಪಂಪು, ಕನ್ನಡಕ, ಎಲೆಯಡಿಕೆ. ಪಟ್ಟಿ ಇಲ್ಲ. ಕೋಣೆಯಲ್ಲೂ ಇಲ್ಲ, ಹೆಣದ ಮೇಲೂ ಇರಲಿಲ್ಲ.

*

ಮೂರನೆಯ ದಿನ ಬೆಳಿಗ್ಗೆ ಕರೆಂಟ್ ಇದ್ದಾಗ ಶಂಕರೆಪ್ಪ ಶೆಡ್ಡಿಗೆ ಹೋದ. ಹಣಮಂತನ ಆಳುಗಳಿಗೆ ಹೇಳಿ ಹನ್ನೆರಡೂ ಮಗ್ಗ ಹಚ್ಚಿಸಿದ. ತಾನು ನೂಲು ಕೋಣೆಯೊಳಗೆ ಹೋಗಿ ನಿಂತು, ಚಿಲಕ ಹಾಕಲು ಅನಸವ್ವನಿಗೆ ಹೇಳಿದ. ನಾನು ಕೂಗಿದ ಕೂಡಲೇ ತೆಗಿ ಅಂದ.

ಬಾಗಿಲು ಮುಚ್ಚಿತು. ಕಣ್ಣಿಗೆ ಕೈ ಕಾಣದಷ್ಟು ಕತ್ತಲು. ಗೋಡೆ ನಡುಗುತ್ತಿತ್ತು. ಲಾಳಿಯ ಪೆಟ್ಟು ಎದೆಗೇ ಬೀಳುವಂತಿತ್ತು. ಅವನು ಕೂಗಿದ. ತನ್ನ ದನಿ ತನಗೇ ಕೇಳಿಸಲಿಲ್ಲ. ಬಾಗಿಲು ಬಡಿದ. ಯಾರೂ ತೆಗೆಯಲಿಲ್ಲ. ಧೂಳು ಗಂಟಲಿಗೆ ಇಳಿದು ಕೆಮ್ಮು ಹತ್ತಿತು. ಒಂದು ಮಾರು ಆಚೆ ಮುದುಕಿ ನಿಂತಿದ್ದಾಳೆ ಎಂದು ಗೊತ್ತಿದ್ದೂ ಅವನಿಗೆ ಹೆದರಿಕೆಯಾಯಿತು. ನಾಚಿಕೆ ಬಿಟ್ಟು ಎರಡೂ ಕೈಯಿಂದ ಬಡಿದ. ಕೊನೆಗೆ ಅನಸವ್ವ ತಾನೇ ಗಾಬರಿಯಾಗಿ ತೆಗೆದಾಗ ಅವನ ಅಂಗಿ ಬೆವರಿನಿಂದ ತೊಯ್ದಿತ್ತು.

ಓಣಿಯ ತುದಿಗೆ ಬಂದ ಮೇಲೆ ಮಾತು ಕೇಳಿಸಿತು. "ನನಗ ಏನೂ ಕೇಳಸಲಿಲ್ರೀ ಸಾಹೇಬ್ರ" ಅಂದಳು ಅನಸವ್ವ.

"ಮತ್ತ ಇಂಥಾ ಗದ್ದಲದಾಗ ತಾಲೀಮ ಹೆಂಗ ಮಾಡತಾರ?"

ಅನಸವ್ವ ತಿಳಿಸಿ ಹೇಳಿದಳು. ಆ ವರ್ಷ, ಅಂದರೆ 2003ರಲ್ಲಿ, ಊರಿಗೆ ದಿನಾ ಮಧ್ಯಾಹ್ನ ಎರಡಕ್ಕೆ ಕರೆಂಟ್ ಹೋದರೆ ಬರುವುದು ಆರಕ್ಕೆ. ಬಳಗದವರಲ್ಲಿ ಹೆಚ್ಚಿನವರು ನೇಕಾರರು. ಕರೆಂಟ್ ಹೋದ ಗಳಿಗೆಯೇ ತಾಲೀಮಿನ ಗಂಟೆ. ಮಗ್ಗ ನಿಂತರೆ ಎಲ್ಲರೂ ಶೆಡ್ಡಿಗೆ ಬರುತ್ತಾರೆ. ಮಗ್ಗ ಓಡುತ್ತಿದ್ದರೆ ಸ್ವಂತ ಮದುವೆಗೂ ಏಳುವುದಿಲ್ಲ.

"ಹಂಗಾರ ಅವತ್ತ ಯಾಕ ಯಾರೂ ಬರಲಿಲ್ಲ?"

"ಅವತ್ತ ಕರೆಂಟ್ ಎರಡಕ್ಕ ಹೋಗಲೇ ಇಲ್ಲಲ್ರೀ. ಸರದಿ ಬದ್ಲಿ ಮಾಡಿದ್ರಂತ. ಹೋಗಿದ್ದು ಸಂಜಿ ಐದೂವರಿಗೆ, ಕತ್ತಲಾಗೂ ಹೊತ್ತಿಗೆ ದೀಪಿಲ್ಲದ ಶೆಡ್ಡಿಗೆ ಯಾರ ಬರತಾರ? ಅದು ಇಡೀ ಊರಿಗೆ ಗೊತ್ತೈತಿ."

ಶಂಕರೆಪ್ಪ ನಿಂತಲ್ಲೇ ನಿಂತ. ಇಡೀ ಊರಿಗೆ ಗೊತ್ತಿತ್ತು. ಪರಮಾನಂದನಿಗೆ ಗೊತ್ತಿರಲಿಲ್ಲ.

ಅಂದೇ ಬಸ್ಸು ಹತ್ತಿ ಜಮಖಂಡಿಗೆ ಹೋಗಿ, ಸಮಿತಿಯ ರಿಜಿಸ್ಟರ್ ತೆರೆಸಿ ನೋಡಿ ಬಂದ.

*

ಸಂಜೆ ಪರಮಾನಂದನನ್ನು ಠಾಣೆಗೆ ಕರೆಸಿದರು. ಇಸ್ತ್ರಿ ಅಂಗಿ, ಬಣ್ಣ ಹಚ್ಚಿದ ಕೂದಲು. ಪಿಎಸ್ಐ ಎದುರು ಕೂತಿದ್ದರು. ಶಂಕರೆಪ್ಪ ನಿಂತೇ ಶುರುಮಾಡಿದ.

"ಎರಡೂವರಿಗೆ ಮಗ್ಗ ನಿಂತಿದ್ವು ಅಂದ್ರಿ. ಅವತ್ತ ಐದೂವರಿ ತನಕ ಬನಹಟ್ಟಿಯೊಳಗ ಒಂದೂ ಮಗ್ಗ ನಿಂತಿಲ್ಲ. ನೀವು ಊರಾಗ ಇದ್ದಿಲ್ಲ."

ಪರಮಾನಂದ ಅಂಗಿಯ ತೋಳು ಸರಿಮಾಡಿಕೊಂಡ.

ಉಳಿದದ್ದನ್ನು ಶಂಕರೆಪ್ಪ ಸಾಹೇಬರಿಗೆ ಬಿಡಿಸಿ ಹೇಳಿದ. ಕೂಡಿಹಾಕಿದವನು ಚೀಲದಿಂದ ಪಟ್ಟಿ ತೆಗೆದು ಪಂಪನ್ನು ಅಲ್ಲೇ ಬಿಟ್ಟಿದ್ದ. ಶೆಡ್ ಬೇಕಾದ ಹಣಮಂತನಿಗೆ ಆ ಕಾಗದದಿಂದ ಆಗಬೇಕಾದ್ದೇನೂ ಇಲ್ಲ. ತಾರವ್ವ ಹೇಳಿದಂತೆ ಹೊಸ ಪಟ್ಟಿಯಲ್ಲಿ ನಾಯಕನ ಪಾತ್ರ ಯುವರಾಜ ಎಂಬ ಹೊಸ ಹುಡುಗನಿಗೆ, ಪರಮಾನಂದನಿಗೆ ಆ ನಾಯಕನ ತಂದೆಯ ಪಾತ್ರ. ಎರಡು ಗಂಟೆಗೆ ಜಮಖಂಡಿಯ ಸಮಿತಿಗೆ ಹೋಗಿ, ಮಾಸ್ತರರಿಗೆ ಆರಾಮಿಲ್ಲ, ಹಳೆಯ ಪಟ್ಟಿಯೇ ಇರಲಿ ಎಂದು ಸಹಿ ಹಾಕಿದವನು ಇದೇ ಪರಮಾನಂದ.

"ಕೊಲ್ಲಾಕ ಅಲ್ರೀ," ಎಂದ ಪರಮಾನಂದ. ರಂಗದ ಮೇಲಿನ ದನಿ ಎಲ್ಲೋ ಹೋಗಿತ್ತು. "ಒಂದ ತಾಸು ಹಿಡದಿಡಬೇಕಿತ್ತು, ಅಷ್ಟ. ಒಂದರ ಬಸ್ಸು ತಪ್ಪಿದ್ರ ಸಾಕಿತ್ತು. ಎರಡಕ್ಕ ಕರೆಂಟ್ ಹೋಗ್ತೈತಿ, ನಮ್ಮ ಮಂದಿ ತಾಲೀಮಿಗೆ ಬರತಾರ, ಚಿಲಕಾ ತಗೀತಾರ ಅಂತ ತಿಳದಿದ್ದೆ. ಈ ವರ್ಷೆಲ್ಲ ಈ ಊರಾಗ ಹಿಂಗ ನಡದೈತಿ."

ಸಂಜೆ ಊರಿಗೆ ಯಾವಾಗ ಬಂದನೆಂದು ಪಿಎಸ್ಐ ಕೇಳಿದರು. ಮುಕ್ಕಾಲು ಆರಕ್ಕೆ. ಓಣಿ ಶಾಂತವಾಗಿತ್ತು, ಎರಡರಿಂದಲೂ ಹಾಗೇ ಇದೆ ಎಂದುಕೊಂಡ. ಯಾರೋ ತೆಗೆದಿರಬೇಕು, ಮಾಸ್ತರರು ಸಿಟ್ಟಾಗಿ ಮನೆಗೆ ಹೋಗಿರಬೇಕು. ಶೆಡ್ಡಿನ ಮುಂದೆ ಒಂದು ಗಳಿಗೆ ನಿಂತ. ಒಳಗೆ ಹೋಗಿ ನೋಡಲು ಧೈರ್ಯವಾಗಲಿಲ್ಲ. ಮಾಸ್ತರರು ಎದುರಾದರೆ ಮುಖ ಹೇಗೆ ತೋರಿಸುವುದು ಎಂದು ಮನೆಗೆ ಹೋಗಿ ಊಟ ಮಾಡಿ ಮಲಗಿದ.

ಪರಮಾನಂದ ತಲೆಯೆತ್ತಿದ.

"ಮಾಸ್ತರಿಗೆ ಬಾಳ ಹೊತ್ತ ತ್ರಾಸ ಆಗಿರಲಿಕ್ಕಿಲ್ಲ ಅಲ್ರೀ? ಎರಡರೊಳಗ ಜೀವ ಹೋಗಿರಬೇಕು."

ಶಂಕರೆಪ್ಪನಿಗೆ ಅವನ ಮೇಲೆ ಒಂದು ಕ್ಷಣ ಕನಿಕರ ಬಂತು. ಹೌದು ಅಂದುಬಿಡಬಹುದಿತ್ತು. ಆದರೆ ಇವನು ಎಲ್ಲ ಗೊತ್ತಿದ್ದೂ ಎರಡು ದಿನ ಇಸ್ತ್ರಿ ಅಂಗಿ ಹಾಕಿಕೊಂಡು ತಿರುಗಿದ್ದ, ಮೆಟ್ಟಿಲ ಮೇಲೆ ಮುದುಕಿ ಕೂತಿದ್ದಳು. ಅವನಿಗೆ ಸಿಟ್ಟು ಬಂತು, ಆ ಸಿಟ್ಟು ಅವನಿಗೆ ಸರಿಯೆನಿಸಿತು.

"ಏಳಕ್ಕ," ಅಂದ. "ನೀವು ಹೊರಗ ನಿಂತಾಗ ಅವರಿನ್ನೂ ಒಳಗ ಇದ್ರು. ಕೂಗಾಕ ಉಸಿರು ಇರಲಿಲ್ಲ, ಅಷ್ಟ."

ಪರಮಾನಂದ ಕುರ್ಚಿಯ ಕೈ ಹಿಡಿದುಕೊಂಡ.

ಶಂಕರೆಪ್ಪ ಹಣಮಂತನನ್ನು ಬಿಡಲು ಮೇಜಿನ ಮೇಲಿನ ಕೀಲಿ ತೆಗೆದುಕೊಂಡು ಒಳಗೆ ಹೋದ.