ಬಾಲವನದ ಜೋಕಾಲಿ

೧೯೮೮ರಲ್ಲಿ ಶೇಡಬಾಳದ ಬಾಲವನದಲ್ಲಿ ಮಕ್ಕಳನ್ನು ಆಡಿಸಿ ಕಲಿಸುವ ಕೆಲಸಕ್ಕೆ ನಾನೂ ಕುಸುಮಳೂ ಇದ್ದೆವು. ಮಕ್ಕಳೆಲ್ಲ ಅವಳಿಗೇ ಜೋತುಬೀಳುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು.

ಹೊತ್ತು ಮುಳುಗುವ ಮೊದಲೇ ಉಣ್ಣಬೇಕೆಂದು ನಮ್ಮ ಜೈನರ ಮಕ್ಕಳು ಮನೆಗೆ ಓಡಿದ ಮೇಲೂ ಒಂದು ಖಾಲಿ ಜೋಕಾಲಿ ತೂಗುತ್ತಲೇ ಇರುತ್ತಿತ್ತು. ನಾನು ಹತ್ತಿರ ಹೋದರೆ ನಿಂತುಬಿಡುತ್ತಿತ್ತು.

"ಅದಕ್ಕ ನಾ ಅಂದ್ರ ಭಾಳ ಜೀವ," ಎಂದು ಕುಸುಮ ನಗುತ್ತಿದ್ದಳು. ಅದೂ ಅವಳದೇ!

ಅವಳು ರಜೆ ಹಾಕಿದ ದಿನ ಅವಳಂತೆಯೇ ಅಬ್ಬಲಿಗೆ ಮುಡಿದು, ಜೋಕಾಲಿಯ ಮುಂದೆ ಕೂತು, "ಹೊತ್ತಾತು, ನಮ್ಮನಿಗೆ ಉಣ್ಣಾಕ ಬಾರವ್ವಾ," ಎಂದೆ. ನನ್ನ ಎಡಗೈಯನ್ನು ತಣ್ಣನೆಯ ಪುಟ್ಟ ಬೆರಳುಗಳು ಹಿಡಿದುಕೊಂಡವು.

ಮರುದಿನದಿಂದ ಜೋಕಾಲಿ ತೂಗಲಿಲ್ಲ. ಕುಸುಮ ಅತ್ತಳು, ನಾನು ಬಾಯಿ ಬಿಡಲಿಲ್ಲ.

ಮನೆಯಲ್ಲಿರುವವಳು ನಾನೊಬ್ಬಳೇ. ಇಂದಿಗೂ ಹೊತ್ತು ಮುಳುಗುವ ಮೊದಲು ಎರಡು ತಾಟು ಬಡಿಸುತ್ತೇನೆ. ಎರಡೂ ಖಾಲಿಯಾಗುತ್ತವೆ.