ಒಬ್ಬರಿಗೇ ಕೇಳುವ ರೇಡಿಯೋ

ಮಧ್ಯಾಹ್ನ ಫಕೀರವ್ವನ ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತ ಕುಳಿತ ಗಿರಾಕಿಗಳೆಲ್ಲ ಕಿವಿಗೆ ರೇಡಿಯೋ ಸಿಕ್ಕಿಸಿಕೊಂಡಿದ್ದರು. ಕಂಪನಿ ಒಂದೇ, ನಿರೂಪಕಿಯ ದನಿಯೂ ಒಂದೇ. ಆದರೆ ಒಬ್ಬನಿಗೆ ಭಜನೆ, ಪಕ್ಕದವನಿಗೆ ಕುಸ್ತಿಯ ವರದಿ, ಮೂಲೆಯ ಕಂಡಕ್ಟರನಿಗೆ ಅವನ ಹೆಂಡತಿಯ ಊರಿನ ಸುದ್ದಿ ಬರುತ್ತಿತ್ತು.

ಇದು ಏಕಶ್ರೋತೃ ಪ್ರಸಾರದ ಮಹಿಮೆ. ಹುಬ್ಬಳ್ಳಿಯ ಒಂದು ಪುಟ್ಟ ನಿಲಯವಾಗಿ ಶುರುವಾದ ಶ್ರುತಿಮಂಡಲ ಸಂಸ್ಥೆ, ನಾಡಿನ ರೇಡಿಯೋ ನಿಲಯಗಳನ್ನೆಲ್ಲ ಒಂದೊಂದಾಗಿ ಕೊಂಡು ನುಂಗಿ ನೀರು ಕುಡಿದಿತ್ತು. ನುಂಗಲು ಇನ್ನೇನೂ ಉಳಿಯದಿದ್ದಾಗ ಅದರ ವಿಜ್ಞಾನಿ ಪ್ರಹ್ಲಾದ ಕಟ್ಟಿ ಒಂದು ಯಂತ್ರ ಮಾಡಿದರು. ಕೇಳುವವರ ಇಷ್ಟವನ್ನು ಅರಿತು, ಅದು ಒಬ್ಬೊಬ್ಬರಿಗೂ ಬೇರೆಯೇ ಕಾರ್ಯಕ್ರಮ ಕಟ್ಟಿ ಕಳಿಸುತ್ತಿತ್ತು. ಕೋರಿದ ಹಾಡು ಕೋರಿದ ಕ್ಷಣವೇ ಬರುತ್ತಿತ್ತು. ಕಟ್ಟಿಯವರಿಗೆ ಇದರಿಂದ ಸ್ವಲ್ಪ ಜಂಬವೂ ಬಂದಿತ್ತು. ಇರಲಿ, ಮಾಡಿದವರಿಗೆ ಅಷ್ಟಾದರೂ ಬೇಡವೇ?

ಅವರ ಊಟವೂ ಫಕೀರವ್ವನ ಖಾನಾವಳಿಯಲ್ಲೇ. ಅಂದು ಆಕೆ ಪಲ್ಯ ಬಡಿಸದೆ ಎದುರು ನಿಂತಳು.

“ಸಾಹೇಬ್ರ, ನನ್ನ ತಂಗಿ ಸಾವಂತ್ರಿ ಹೆಸರು ಹೇಳಿ ಒಂದ್ ಹಾಡು ಹಚ್ಚ್ರಿ ಅಂತ ನಿಮ್ಮ ರೇಡಿಯೋಕ್ಕ ಎಷ್ಟೋ ಸಲ ಕೇಳೀನಿ. ಆಕಿ ಹೂಂ ಅನ್ನವಲ್ಲಳು, ಹಾಂ ಅನ್ನವಲ್ಲಳು.”

“ಹಾಡು ಬಂದಿಲ್ಲೇನ್ರಿ?”

“ಬಂತಲ್ರಿ. ಆಕಿ ಹೆಸರು, ನನ್ನ ಹೆಸರು, ಎಲ್ಲಾ ಬಂತು. ನಾನ ಕೇಳೀನಿ.”

“ಮತ್ತೇನ್ರಿ, ಕೇಳಿದವರಿಗೆ ಮುಟ್ಟೇದಲ್ಲ.”

“ನನಗ ಮುಟ್ಟಿ ಏನ್ ಮಾಡ್ಲಿ? ಆಕಿಗೆ ಮುಟ್ಟಬೇಕಲ್ರಿ.”

ಫಕೀರವ್ವ ಅಲ್ಲೇ ಕುಳಿತುಬಿಟ್ಟಳು. ತನ್ನ ಮಗಳ ಸೀಮಂತಕ್ಕೆ ತಂಗಿ ತಂದ ಸೀರೆಯನ್ನು ಆಕೆ ಬಂಧುಗಳೆಲ್ಲರ ಎದುರು ಹೀಯಾಳಿಸಿದ್ದಳು. ಅಂದಿನಿಂದ ಗದಗಿನ ತಂಗಿಗೂ ಇವಳಿಗೂ ಮಾತಿಲ್ಲ.

“ಫೋನ್ ಹಚ್ಚಬಹುದಿತ್ತಲ್ರಿ,” ಎಂದರು ಕಟ್ಟಿ.

“ನಾಲ್ಕ ಮಂದಿ ಮುಂದ ಅಂದ ಮಾತರಿ ಅದು. ಮೂಲ್ಯಾಗ ನಿಂತು ತಪ್ಪಾತು ಅಂದ್ರ ತೀರತೈತೇನು? ನಾಲ್ಕ ಮಂದಿ ಕೇಳೂವಂಗ ಆಕಿ ಹೆಸರು ತಗೋಬೇಕು.”

ಕಟ್ಟಿಯವರ ತುತ್ತು ಕೈಯಲ್ಲೇ ಉಳಿಯಿತು. ಹಾಡು ಕೋರುವವರು ಹಾಡಿಗಾಗಿಯೇ ಕೋರುತ್ತಾರೆಂದು ಅವರು ತಿಳಿದಿದ್ದರು, ಯಂತ್ರಕ್ಕೂ ಹಾಗೆಯೇ ಕಲಿಸಿದ್ದರು. ಪಾಪ, ಯಂತ್ರದ ತಪ್ಪೇನಿದೆ?

ಸಂಸ್ಥೆಯ ಹಿರಿಯರನ್ನು ಕಾಡಿ ಬೇಡಿ ಅವರು ದಿನಕ್ಕೆ ಅರ್ಧ ಗಂಟೆ ಗಿಟ್ಟಿಸಿದರು. ಆ ಹೊತ್ತಿನಲ್ಲಿ ನಾಡಿಗೆಲ್ಲ ಒಂದೇ ಪ್ರಸಾರ. ಇನ್ನೊಬ್ಬರಿಗಾಗಿ ಕೋರಿದ ಹಾಡುಗಳು ಮಾತ್ರ, ಹಳೆಯ ಕೋರಿಕೆ ಮೊದಲು. ಜನ ಬೇಸತ್ತು ರೇಡಿಯೋ ಬಂದ್ ಮಾಡುತ್ತಾರೆಂದು ಹಿರಿಯರು ಹೆದರಿದ್ದರು. ಯಾರೂ ಬಂದ್ ಮಾಡಲಿಲ್ಲ. ಪರರ ಹೆಸರು ಕೇಳುವುದರಲ್ಲೂ ಜನಕ್ಕೆ ರುಚಿಯಿತ್ತು. ಅರ್ಧ ಗಂಟೆ ಸಾಲದೆ ಸಂಜೆಯೆಲ್ಲ ಅದೇ ಆಯಿತು.

ಫಕೀರವ್ವ ತನ್ನ ಸರದಿಗೆ ಕಾಯುತ್ತಲೇ ಇದ್ದಳು. ಒಂದು ಸಂಜೆ ಖಾನಾವಳಿ ತುಂಬಿ, ಕಟ್ಟಿಯವರೂ ಊಟಕ್ಕೆ ಕುಳಿತಿದ್ದಾಗ ನಿರೂಪಕಿ, “ಹುಬ್ಬಳ್ಳಿಯ ಖಾನಾವಳಿ ಫಕೀರವ್ವನಿಗಾಗಿ, ಅವರ ತಂಗಿ ಗದಗಿನ ಸಾವಂತ್ರಿ ಕೋರಿದ ಹಾಡು” ಎಂದಳು. ರೊಟ್ಟಿ ಮುರಿಯುತ್ತಿದ್ದ ಕೈಗಳೆಲ್ಲ ಒಮ್ಮೆಗೇ ನಿಂತವು. ಅಕ್ಕ ಕೋರುವ ಮೊದಲೇ ತಂಗಿ ಕೋರಿದ್ದಳು. ಆ ಹಾಡು ಇಷ್ಟು ದಿನ ತಂಗಿಯ ಕಿವಿಯಲ್ಲೇ ಉಳಿದಿತ್ತು.

ಫಕೀರವ್ವ ಅಳುತ್ತಲೇ ಚಪ್ಪಲಿ ಮೆಟ್ಟಿದಳು.

“ನಿಮ್ಮ ಸರದಿನೂ ಬರ್ತದ, ತಡೀರಿ,” ಎಂದರು ಕಟ್ಟಿ.

“ಇನ್ನ ತಡಿಯಾಕ ಆಗಂಗಿಲ್ರಿ. ಆಕಿ ಓಣಿ ಮಂದೀನೆಲ್ಲ ಕರದು, ಅವರ ಮುಂದ ನಾನ ತಪ್ಪಾತು ಅಂತೀನಿ.”

ಆಕೆ ಗದಗಿನ ಬಸ್ಸಿಗೆ ಹೊರಟಳು. ಊಟಕ್ಕೆ ಕುಳಿತವರಿಗೆ ಕಟ್ಟಿಯವರೇ ಎದ್ದು ಪಲ್ಯ ಬಡಿಸಿದರು.