ಸೇಪಲ್ಡ್ ದೊರೆಯ ಚೂರಿ

ಚೂರಿಯ ಮೊನೆ ನನ್ನ ಹೊಟ್ಟೆಯಿಂದ ಮೂರು ಬೆರಳು ದೂರದಲ್ಲಿತ್ತು.

ನಾನು ಅದರ ಬೆಲೆ ಕಟ್ಟುತ್ತಿದ್ದೆ!

ನಗಬೇಡಿ ಸ್ವಾಮಿ, ನನ್ನ ಕೆಲಸವೇ ಅದು. ಹೆಸರು ನೀಲಕಂಠಸ್ವಾಮಿ. ಹಳೇ ಗಡಿಯಾರ, ಹಳೇ ಕತ್ತಿ, ಹಳೇ ದೀಪ... ಅಸಲಿಯೋ ನಕಲಿಯೋ ನೋಡಿ ಸರ್ಟಿಫಿಕೇಟ್ ಬರೆದುಕೊಡುತ್ತೇನೆ. ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಸುಳ್ಳು ಸರ್ಟಿಫಿಕೇಟ್ ಬರೆದವನಲ್ಲ. ಅದಕ್ಕೇ ಇನ್ನೂ ಬಾಡಿಗೆ ಮನೆಯಲ್ಲಿದ್ದೇನೆ.

"ಬರಿ ಕಣ್ಲಾ! ಚೂರಿ ಇಡಿ ಕಡವೆ ಕೊಂಬಿಂದು ಅಂತ ಬರಿ!" ಶಿವಮೂರ್ತಿ ಹಲ್ಲು ಕಡಿದ.

ಗುಂಡ್ಲುಪೇಟೆಯ ಊಟಿ ರೋಡಿನಲ್ಲಿ ಅವನದು ಆಂಟಿಕ್ ಅಂಗಡಿ. ಮುಂದೆ ಟೂರಿಸ್ಟರಿಗೆ ನಗು. ಹಿಂದಿನ ಕೋಣೆಯಲ್ಲಿ ನನ್ನಂಥವರಿಗೆ ಚೂರಿ.

ವಿಷಯ ಇಷ್ಟು. ಚೂರಿ ಕುದೇರಿನ ಭವ್ಯಳ ಮನೆಯದು. ಅವಳ ತಾತ ಮಾರಯ್ಯ ಚಿಕ್ಕಂದಿನಲ್ಲಿ ಬಿಳೀ ದೊರೆಗಳ ಶಿಕಾರಿಗೆ ಕಾಡಿನ ದಾರಿ ತೋರಿಸುತ್ತಿದ್ದನಂತೆ. ಸೇಪಲ್ಡ್ ದೊರೆ ಮೆಚ್ಚಿ ಕೊಟ್ಟ ಚೂರಿಯಂತೆ. ಅಜ್ಜಿ ಸಣ್ಣತಾಯಮ್ಮ ಎಂಟು ದಿನದ ಹಿಂದೆ ಇದನ್ನು ಶಿವಮೂರ್ತಿಗೆ ತೋರಿಸಿ ಎಷ್ಟಾದೀತು ಅಂತ ಕೇಳಿದಳು. ಅವನು ಒಂದೇ ಮಾತು ಹೇಳಿದ: "ಕಡವೆ ಕೊಂಬು ಕಣಜ್ಜಿ! ಕಾಗ್ದ ಇಲ್ದೆ ಮಡಿಕಂಡ್ರೆ ಜೈಲು. ಇಲ್ಲೇ ಬುಟ್ಟು ಓಗು. ಇಲ್ದಿದ್ರೆ ಮೊಮ್ಮಗ್ಳ ಕೆಲ್ಸ ಓಯ್ತದೆ!"

ಯಾಕೆಂದರೆ ಭವ್ಯ ಬರುವ ಸೋಮವಾರ ಬಂಡೀಪುರದಲ್ಲಿ ಫಾರೆಸ್ಟ್ ಗಾರ್ಡ್ ಆಗಿ ಡ್ಯೂಟಿಗೆ ಸೇರಬೇಕಿತ್ತು. ಮೂರು ವರ್ಷ ಓಡಿ, ಓದಿ ಗಿಟ್ಟಿಸಿದ ಕೆಲಸ.

ಶಿವಮೂರ್ತಿಯ ಲೆಕ್ಕಾಚಾರ ಬೇರೆಯಿತ್ತು. ರೆಸಾರ್ಟಿನವನೊಬ್ಬನಿಗೆ ದೊರೆಯ ಕತೆ ಹೇಳಿ ಚೂರಿಯನ್ನು ಒಂದು ಲಕ್ಷಕ್ಕೆ ಕುದುರಿಸಿದ್ದ. ಆದರೆ ಭವ್ಯ ಅವನ ಮಾತು ನಂಬದೆ ನನ್ನನ್ನು ಸ್ಕೂಟರಿನಲ್ಲಿ ಕರೆತಂದಿದ್ದಳು. ಅವಳು ಸುಮ್ಮನಾಗಲು ನನ್ನ ಸರ್ಟಿಫಿಕೇಟ್ ಬೇಕಿತ್ತು.

"ಬರೀತೀನಿ," ಎಂದೆ. "ಮೊದ್ಲು ಇಡಿ ನೋಡ್ಬೇಕಲ್ಲ?"

"ನೋಡು!"

ಚೂರಿಯನ್ನು ತಿರುಗಿಸಿ ಹಿಡಿಯನ್ನು ನನ್ನ ಕಡೆ ಚಾಚಿದ!

ಎಷ್ಟೇ ಕಳ್ಳನಾದರೂ ಅಂಗಡಿಯವನು. ಗಿರಾಕಿಗೆ ಚಾಕು ಕೊಡುವಾಗ ಹಿಡಿ ಮುಂದೆ ಮಾಡುವುದು ಅಭ್ಯಾಸಬಲ.

ಹಿಡಿದೆ. ಎಳೆದೆ. ಓಡಿದೆ!

ಹೊರಗೆ ಭವ್ಯ ಸ್ಕೂಟರ್ ಆನ್ ಮಾಡಿಕೊಂಡೇ ಕೂತಿದ್ದಳು. ಹತ್ತಿದೆ. ತೆರಕಣಾಂಬಿ ರೋಡಿಗೆ ತಿರುಗುವ ಹೊತ್ತಿಗೆ ಹಿಂದೆ ಜೀಪಿನ ಹಾರ್ನ್. ನನಗೆ ಐವತ್ತೆರಡು ವರ್ಷ, ಅರ್ಧ ಮಂಡಿ ಹೋಗಿದೆ. ಚೂರಿಯನ್ನು ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡು ಮಲೆ ಮಾದಪ್ಪನನ್ನು ನೆನೆದೆ.

ಜೀಪು ಪಕ್ಕಕ್ಕೇ ಬಂತು. ಶಿವಮೂರ್ತಿ ತಲೆ ಹೊರಗೆ ಹಾಕಿದ.

"ಫಾರೆಸ್ಟ್‌ನೋರ್ಗೆ ಫೋನ್ ಮಾಡ್ಬುಟ್ಟೆ ಕಣಮ್ಮಿ! ನಿನ್ ಕೆಲ್ಸ ಓಯ್ತು ಅಂತ್ಲೇ ತಿಳ್ಕೊ!"

ಭವ್ಯಳ ಬೆನ್ನು ಸೆಟೆಯಿತು. ಎದುರಿಗೆ ಚೆಂಡು ಹೂವಿನ ಮೂಟೆ ಹೊತ್ತ ಟ್ರ್ಯಾಕ್ಟರ್! ಅವಳು ಸ್ಕೂಟರನ್ನು ಸಂದಿಯಲ್ಲಿ ನುಗ್ಗಿಸಿದಳು. ಜೀಪು ಬ್ರೇಕ್ ಹಾಕಿ, ಜಾರಿ, ಮೂಟೆಗಳಿಗೇ ಮುತ್ತಿಟ್ಟಿತು. ತಿರುಗಿ ನೋಡಿದರೆ ರೋಡೆಲ್ಲ ಹಳದಿ, ಟ್ರ್ಯಾಕ್ಟರಿನವನ ಬೈಗುಳ ಊರೆಲ್ಲ.

"ಸಾರ್, ನಿಜ್ವಾಗ್ಲೂ ಕೊಂಬಾ?" ಭವ್ಯ ಕೇಳಿದಳು.

"ಲೆನ್ಸಲ್ಲಿ ನೋಡಕ್ಕೆ ಬುಟ್ಟಿದ್ರಲ್ವಾ!"

"ಸೀದಾ ಚಾಮರಾಜನಗರದ ಆಫೀಸ್‌ಗೇ ಓಗನ. ಕೊಂಬಾಗಿದ್ರೆ ನಾನೇ ಒಪ್ಪಿಸ್ಬುಡ್ತೀನಿ. ಕದ್ದು ಮಡಿಕಂಡು ಯೂನಿಫಾರಂ ಆಕ್ಕೊಳಕಾಗಲ್ಲ ಸಾರ್."

ಆ ಮಾತಿಗೆ ನನಗೆ ಹೆಮ್ಮೆಯಾಯಿತು. ಹೆದರಿಕೆಯೂ ಆಯಿತು. ಕೊಂಬೇ ಆಗಿದ್ದರೆ ನಾನು ಇಲ್ಲ ಅನ್ನುವವನಲ್ಲ.

ಆಫೀಸಿನಲ್ಲಿ ರೇಂಜರ್ ಕರಿಬಸವಯ್ಯ ಕಾದೇ ಕೂತಿದ್ದರು. ದಪ್ಪ ಮೀಸೆ, ಸಣ್ಣ ದನಿ.

"ಫೋನ್ ಬಂದಿತ್ತು. ಮೇಜಿನ್ ಮೇಲೆ ಮಡಗಿ."

ಇಟ್ಟೆ. ಲೆನ್ಸ್ ತೆಗೆದೆ. ಹಿಡಿಯ ಒಂದು ಬದಿ ನೋಡಿದೆ, ಮಗ್ಗುಲು ಬದಲಿಸಿ ಇನ್ನೊಂದು ಬದಿ ನೋಡಿದೆ. ಭವ್ಯ ಗೋಡೆಗೆ ಒರಗಿ ಚೂಡಿದಾರದ ತುದಿಯನ್ನೇ ಹಿಂಡುತ್ತಿದ್ದಳು. ನಾನು ಬಾಯಿ ತೆರೆಯುವುದರಲ್ಲಿದ್ದೆ...

ಬಾಗಿಲು ದಡಾರ್ ಎಂದಿತು! ಶಿವಮೂರ್ತಿ. ತಲೆತುಂಬ ಚೆಂಡು ಹೂವಿನ ಎಸಳು.

"ಅದೇ ಸಾರ್! ಕಡವೆ ಕೊಂಬು! ನಾನೇ ಕಣ್ಣಾರೆ ನೋಡಿವ್ನಿ!"

"ಎಲ್ಲಿ ನೋಡ್ದೆ?"

"ನನ್ ಅಂಗ್ಡೀಲಿ ಸಾರ್! ಎಂಟ್ ದಿನ ಅಲ್ಲೇ ಇತ್ತು!"

ಕರಿಬಸವಯ್ಯ ಪೆನ್ನಿನ ಕ್ಯಾಪ್ ತೆಗೆದರು.

"ಅಂದ್ರೆ... ಕಾಗ್ದ ಇಲ್ದೆ, ಕಡವೆ ಕೊಂಬು, ಎಂಟ್ ದಿನ, ನಿನ್ ಅಂಗ್ಡೀಲಿ. ಬರ್ಕೊಳ್ಳಾ?"

ಶಿವಮೂರ್ತಿ ಮುಖ ಸುಣ್ಣವಾಯಿತು.

"ಅಯ್ಯೋ, ಕೊಂಬಲ್ಲ ಸಾರ್! ಮೂಳೆ! ಬರೀ ಎತ್ತಿನ್ ಮೂಳೆ! ಮೊದ್ಲೇ ಗೊತ್ತಿತ್ತು ನಂಗೆ!"

ನಾನು ಲೆನ್ಸನ್ನು ರೇಂಜರಿಗೆ ಕೊಟ್ಟೆ. "ಇವತ್ತು ಮೊದಲ ಸಲ ನಿಜ ಹೇಳಿದಾನೆ ಸಾರ್. ಕೊಂಬಿನಲ್ಲಿ ಒಂದು ಗೀರಿನಂತೆ ಇನ್ನೊಂದು ಇರಲ್ಲ. ಇಲ್ಲಿ ಎರಡು ಬದಿಗೂ ಅವೇ ಹದಿನೇಳು ಗೀರು, ಅದೇ ಜಾಗ. ಮೆಷಿನ್ನಿನಲ್ಲಿ ಕೆತ್ತಿದ್ದು. ಎತ್ತಿನ ಮೂಳೆ ಕೆತ್ತಿ ಕೊಂಬಿನ ಹಾಗೆ ಮಾಡೋದು ಹಳೇ ವಿದ್ಯೆ."

ರೇಂಜರ್ ಎಣಿಸಿದರು. ಮತ್ತೆ ಎಣಿಸಿದರು. ಮೀಸೆಯಡಿ ನಕ್ಕರು.

"ಸೋಮ್ವಾರ ಡ್ಯೂಟಿಗೆ ಲೇಟ್ ಮಾಡ್ಬೇಡ ಕಣಮ್ಮ!"

ಭವ್ಯ ಅತ್ತೇಬಿಟ್ಟಳು. ಶಿವಮೂರ್ತಿ ನನಗೆ ಚೂರಿ ತೋರಿಸಿ ಹೆದರಿಸಿದ್ದರ ಕಂಪ್ಲೇಂಟ್ ಬರೆಯಲು ನಾನು ಅದೇ ಪೆನ್ನು ಕೇಳಿದೆ.

ಸಂಜೆ ಕುದೇರು. ಸಣ್ಣತಾಯಮ್ಮ ಮುದ್ದೆ, ಅವರೆಕಾಳು ಸಾರು ಬಡಿಸಿದಳು. ಊಟದ ಮಧ್ಯೆ ಬೆಲೆ ಹೇಳಿದೆ.

"ಅಲಗಿನ ಮೇಲೆ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಮುದ್ರೆ ಇತ್ತಜ್ಜಿ, ಈಗ ಲೆನ್ಸಲ್ಲೂ ಒಂದೆರಡು ಅಕ್ಷರವಷ್ಟೇ ಕಾಣ್ತದೆ. ಮುದ್ರೆ ಉಳಿದಿದ್ರೆ ಲಕ್ಷಾನೇ ಬರೋದು. ಈಗ ಆರು ಸಾವಿರ."

"ಯಾಕ್ಲಾ ಮಗ?"

"ವರ್ಷಾವರ್ಷ ಆಯುಧಪೂಜೆಗೆ ಯಾತರಲ್ಲಿ ಉಜ್ತಿದ್ದೆ?"

"ಉಣ್ಸೆಅಣ್ಣು, ಇಟ್ಟಿಗೆ ಪುಡಿ. ಪಳಪಳ ಅನ್ನಂಗೆ!"

ಅರವತ್ತು ವರ್ಷ ಭಕ್ತಿಯಿಂದ ಉಜ್ಜಿ ಮುದ್ರೆಯನ್ನೇ ತಿಂದುಹಾಕಿದ್ದಳು.

"ಮತ್ತೆ ಸೇಪಲ್ಡ್ ಅನ್ನೋದು ಊರು. ದೊರೆಯಲ್ಲ," ಎಂದೆ.

"ಊರ್ ಎಸ್ರು ಇಟ್ಕಂಡಿರೋ ದೊರೆ ಇರ್ಬಾರ್ದಾ? ಮಾರೋರ್ಯಾರು ಬುಡು. ನಮ್ ಯಜಮಾನ್ರು ಮುಟ್ಟಿದ್ದು." ಅಜ್ಜಿ ಚೂರಿಗೆ ವಿಭೂತಿ ಬಳಿದು ದೇವರ ಗೂಡಿನಲ್ಲಿಟ್ಟಳು. ಆಮೇಲೆ ನಿಂತು ತಿರುಗಿದಳು. "ಅಲ್ಲ ಕಣ್ಲಾ... ಕೊಂಬಲ್ಲ ಅಂದ್ರೆ ಆ ಇಡಿ ಇನ್ಯಾತರದು?"

ನಾನು ಬಾಗಿಲಾಚೆ ನೋಡಿದೆ.

ಹಟ್ಟಿ ಮುಂದೆ ಎರಡು ಎತ್ತು. ಅಜ್ಜಿ ದಿನಾ ಕೈಮುಗಿದು ಮೇವು ಹಾಕುವ ಎತ್ತು. ಅರವತ್ತು ವರ್ಷ ದೇವರ ಗೂಡಿನಲ್ಲಿ ಪೂಜೆಗೊಂಡ ಮೂಳೆ! ಭವ್ಯ ನನ್ನನ್ನೇ ನೋಡುತ್ತಿದ್ದಳು. ಬೇಡ ಸಾರ್, ಅನ್ನುತ್ತಿದ್ದವು ಆ ಕಣ್ಣು.

"ಮರದ್ದು ಕಣಜ್ಜಿ..." ಎಂದೆ. "ಇಂಗ್ಲೆಂಡಲ್ಲಿ ಬೆಳೀತದೆ."

"ಅಂಗಾರೆ ಅದ್ನೇ ಬರ್ದು ಸೈನ್ ಆಕ್ಕೊಡು. ನಾಳೆ ಇನ್ನೊಬ್ಬ ಕಳ್ಳ ಬಂದ್ರೆ ತೋರಿಸ್ತೀನಿ."

ಹೊಟ್ಟೆಗೆ ಚೂರಿ ಹಿಡಿದಾಗಲೂ ಬಗ್ಗದ ಕೈ ಸ್ವಾಮಿ ಇದು. ಹೊಟ್ಟೆಗೆ ಮುದ್ದೆ ಬಿದ್ದ ಮೇಲೆ ಬಗ್ಗಿತು.

ಸರ್ಟಿಫಿಕೇಟ್ ಬರೆದೆ. ಹಿಡಿ: ಸೇಪಲ್ಡ್ ಮರ!